ಕಾಂಟೆಸಾಗೆ ಎಂಜಿನ್ ಹುಡುಕುವ ಮೊದಲು ಗೇರಿನ ಲೆಕ್ಕ ಹಾಕಿ

ಉದ್ದನೆಯ ಬಾನೆಟ್ಟು, ಅಗಲವಾದ ಮೈ, ಹಿಂದಿನ ಗಾಲಿಗೆ ಹೋಗುವ ಎಳೆತ. ಅಮೆರಿಕದವರು ಮಸಲ್ ಕಾರು ಎಂದು ಕರೆಯುವ ಗಾಡಿಯ ಮೈಕಟ್ಟಿಗೆ ನಮ್ಮ ದೇಶದಲ್ಲಿ ತಯಾರಾದ ಕಾರುಗಳಲ್ಲಿ ಎಲ್ಲಕ್ಕಿಂತ ಹತ್ತಿರ ಬಂದದ್ದು ಹಿಂದೂಸ್ತಾನ್ ಮೋಟರ್ಸ್‌ನ ಕಾಂಟೆಸಾ. 1984ರಲ್ಲಿ ಬಂದ ಈ ಕಾರು 2002ರವರೆಗೆ ತಯಾರಾಯಿತು. ಮೂಲ ವಿನ್ಯಾಸ ಬ್ರಿಟನ್ನಿನ ವಾಕ್ಸ್‌ಹಾಲ್ ಕಂಪನಿಯದು. ಮೈ ಅಷ್ಟು ದೊಡ್ಡದಿದ್ದರೂ ಮೊದಮೊದಲು ಅದರೊಳಗೆ ಕೂಡಿಸಿದ್ದು ಅಂಬಾಸಡರ್ ಕಾರಿನಲ್ಲಿದ್ದ 1,489 ಸಿಸಿ ಎಂಜಿನ್ನನ್ನೇ. ಶಕ್ತಿ ಸುಮಾರು 50 ಅಶ್ವಶಕ್ತಿ, ಗೇರು ನಾಲ್ಕು. ಏರು ಬಂದರೆ ತಿಣುಕುತ್ತಿತ್ತು. ಜಪಾನಿನ ಇಸುಜು ಕಂಪನಿಯ 1,817 ಸಿಸಿ ಪೆಟ್ರೋಲ್ ಎಂಜಿನ್ನು, ಅದರ ಜೊತೆಗೆ ಐದು ಗೇರಿನ ಬಾಕ್ಸು ಬಂದ ಮೇಲೆ ‘ಕಾಂಟೆಸಾ ಕ್ಲಾಸಿಕ್’ ನಿಜವಾಗಿ ಓಡುವ ಕಾರಾಯಿತು. ಆಮೇಲೆ ಇಸುಜುವಿನದೇ 1,995 ಸಿಸಿ ಡೀಸೆಲ್ ಕೂಡ ಬಂತು.

ಇಂಥದ್ದೊಂದು ಗಾಡಿ ಶೆಡ್ಡಿನಲ್ಲೋ ಗುಜರಿಯಲ್ಲೋ ಸಿಕ್ಕಿದ ಹುಡುಗರು ಗ್ಯಾರೇಜಿಗೆ ಬಂದು ಕೇಳುವುದು ಒಂದೇ ಮಾತು: ಇದಕ್ಕೆ ಯಾವ ದೊಡ್ಡ ಎಂಜಿನ್ ಕೂಡುತ್ತದೆ? ಆಸೆ ಸಹಜವಾದದ್ದೇ. ಮಸಲ್ ಕಾರು ಹುಟ್ಟಿದ್ದೂ ಹೀಗೆಯೇ. 1964ರಲ್ಲಿ ಪಾಂಟಿಯಾಕ್ ಕಂಪನಿಯವರು ತಮ್ಮ ದೊಡ್ಡ ಕಾರುಗಳಿಗೆ ಇಡುತ್ತಿದ್ದ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ವಿ8 ಎಂಜಿನ್ನನ್ನು ಮಧ್ಯಮ ಗಾತ್ರದ ಮೈಯೊಳಗೆ ಇಳಿಸಿ ಜಿಟಿಒ ಎಂದು ಹೆಸರಿಟ್ಟರು. ಆದರೆ ಅದು ಕಾರ್ಖಾನೆಯ ಕೆಲಸ. ಎಂಜಿನ್ನಿಗೆ ತಕ್ಕ ಕ್ಲಚ್ಚು, ಗೇರ್‌ಬಾಕ್ಸು, ಹಿಂದಿನ ಆಕ್ಸಲ್ಲಿನ ಹೌಸಿಂಗು ಎಲ್ಲವನ್ನೂ ಒಟ್ಟಿಗೆ ಲೆಕ್ಕ ಹಾಕಿ ಕೂಡಿಸಿದ್ದರು. ನಮ್ಮಲ್ಲಿ ಎಂಜಿನ್ ಮೊದಲು ಬಂದುಬಿಡುತ್ತದೆ, ಲೆಕ್ಕ ಆಮೇಲೆ ಬರುತ್ತದೆ. ಈ ಕ್ರಮವನ್ನು ತಿರುವಿ ಹಾಕಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮೊದಲು ನಿಮ್ಮ ದಾರಿ, ನಂತರ ಗೇರು ಮತ್ತು ಹೌಸಿಂಗು, ಕೊನೆಗೆ ಎಂಜಿನ್ನು.

ದಾರಿ ಯಾವುದು?

ಯಾದಗಿರಿ ಜಿಲ್ಲೆಯ ದೇವಾಪುರದಲ್ಲಿ ಗಾಡಿ ಇಟ್ಟುಕೊಂಡವರ ದಾರಿಯನ್ನೇ ನೋಡಿ. ಶಹಾಪುರ, ಸುರಪುರ, ತಿಂಥಣಿ ಸೇತುವೆ, ಲಿಂಗಸುಗೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ 80–100ರ ವೇಗ ಸಾಧ್ಯ. ಅದೇ ಗಾಡಿ ಸುರಪುರದ ಗುಡ್ಡದ ಏರನ್ನೂ ಹತ್ತಬೇಕು. ಹತ್ತಿ ಹೇರಿದ ಟ್ರಾಕ್ಟರಿನ ಹಿಂದೆ, ಕುರಿ ಹಿಂಡಿನ ಹಿಂದೆ ಆಮೆ ನಡಿಗೆಯಲ್ಲಿ ಹೋಗಬೇಕು. ಕಾಲುವೆ ಪಕ್ಕದ ಎರೆಮಣ್ಣಿನ ದಾರಿಗೆ ಒಮ್ಮೊಮ್ಮೆ ಇಳಿಯಲೇಬೇಕು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಮಾತ್ರ ಹೊರಗೆ ತೆಗೆಯುವ ಕಾರಿಗೆ ಕೊಟ್ಟ ಸಲಹೆ ಇಲ್ಲಿ ನಡೆಯುವುದಿಲ್ಲ. ಅಮೆರಿಕದ ಕಾಲು ಮೈಲಿ ಪಂದ್ಯಕ್ಕೆ ಕಟ್ಟಿದ ಗಾಡಿಯ ಸಲಹೆಯಂತೂ ದೂರವೇ ಉಳಿಯಿತು.

ಈಗ ಲೆಕ್ಕ. ಒಂದು ಕಾಗದ, ಪೆನ್ನು ಸಾಕು.

ಮೂರು ಸಂಖ್ಯೆ ಬೇಕು: ಟೈರಿನ ಸುತ್ತಳತೆ, ಗೇರಿನ ಅನುಪಾತ, ಹೌಸಿಂಗಿನೊಳಗಿನ ಕ್ರೌನ್-ಪಿನಿಯನ್ನಿನ ಅನುಪಾತ. ಕ್ರೌನಿನ ಹಲ್ಲುಗಳನ್ನು ಎಣಿಸಿ, ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಕೊನೆಯದು ಸಿಗುತ್ತದೆ. 39 ಹಲ್ಲಿಗೆ 10 ಹಲ್ಲಿದ್ದರೆ 3.9. ಹೌಸಿಂಗ್ ಬಿಚ್ಚುವುದು ಬೇಡವೆಂದರೆ ಹಿಂದಿನ ಎರಡೂ ಗಾಲಿಗಳನ್ನು ಜಾಕಿನ ಮೇಲೆ ಎತ್ತಿ, ಗಾಡಿ ಜರುಗದಂತೆ ಸ್ಟ್ಯಾಂಡ್ ಕೊಟ್ಟು, ಗೇರು ನ್ಯೂಟ್ರಲ್ಲಿನಲ್ಲಿಟ್ಟು ಎರಡೂ ಗಾಲಿಗಳನ್ನು ಒಟ್ಟಿಗೆ ಒಂದು ಪೂರ್ತಿ ಸುತ್ತು ತಿರುಗಿಸಿ. ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ತಿರುಗಿತೋ ಅದೇ ಅನುಪಾತ. ಶಾಫ್ಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದುಕೊಂಡರೆ ಎಣಿಸುವುದು ಸುಲಭ.

195/65 ಆರ್ 15 ಅಳತೆಯ ಟೈರಿನ ಸುತ್ತಳತೆ ಹೆಚ್ಚುಕಡಿಮೆ 2 ಮೀಟರ್. ಗಂಟೆಗೆ 100 ಕಿ.ಮೀ. ವೇಗವೆಂದರೆ ನಿಮಿಷಕ್ಕೆ 1,667 ಮೀಟರ್, ಅಂದರೆ ಗಾಲಿ ನಿಮಿಷಕ್ಕೆ ಸುಮಾರು 833 ಸುತ್ತು ತಿರುಗಬೇಕು. ಹೌಸಿಂಗಿನ ಅನುಪಾತ 3.9 ಇದ್ದು, ಗೇರು ನೇರ ಒಂದಕ್ಕೊಂದು ಇದ್ದರೆ ಎಂಜಿನ್ ತಿರುಗುವುದು 3,250 ಸುತ್ತು. ಐದನೇ ಗೇರಿನ ಅನುಪಾತ 0.85 ಆದರೆ 2,760ಕ್ಕೆ ಇಳಿಯುತ್ತದೆ. 0.75 ಆದರೆ 2,440ರ ಆಸುಪಾಸು. ಹೈದರಾಬಾದಿನ ತನಕ ಹೋಗಿ ಬರುವವರಿಗೆ ಈ ವ್ಯತ್ಯಾಸವೇ ಎಲ್ಲವೂ: ಡೀಸೆಲ್ಲಿನ ಖರ್ಚು, ಎಂಜಿನ್ನಿನ ಆಯುಷ್ಯ, ಕಿವಿಯ ನೆಮ್ಮದಿ. ಹಳೆಯ ಮಹೀಂದ್ರಾ ಸಿಜೆ ಜೀಪು ಓಡಿಸಿದವರಿಗೆ ಇದರ ಇನ್ನೊಂದು ತುದಿ ಗೊತ್ತು. ಅದರ ಹೌಸಿಂಗ್ 5.38. ಹದಿನಾರು ಇಂಚಿನ ಹಳೆಯ ಟೈರಿಗೆ 80ರ ವೇಗದಲ್ಲೇ ಎಂಜಿನ್ 3,200 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ಅಂಥ ಜೀಪಿಗೆ ಎಷ್ಟು ಶಕ್ತಿಯ ಎಂಜಿನ್ ಇಟ್ಟರೂ ಹೆದ್ದಾರಿಯಲ್ಲಿ ಅದು ಕಿರುಚುವುದು ನಿಲ್ಲುವುದಿಲ್ಲ, ಏಕೆಂದರೆ ತೊಂದರೆ ಎಂಜಿನ್ನಿನಲ್ಲಿ ಇಲ್ಲ.

ಇನ್ನು ಕೆಳಗಿನ ತುದಿ. ಮೊದಲ ಗೇರು 3.8, ಹೌಸಿಂಗ್ 3.9 ಎಂದಿಟ್ಟುಕೊಳ್ಳಿ. ಗುಣಿಸಿದರೆ 14.8. ಎಂಜಿನ್ 800 ಸುತ್ತಿನಲ್ಲಿ ಐಡಲ್ ನಡೆಯುತ್ತಿದ್ದರೆ ಗಾಡಿ ಗಂಟೆಗೆ ಆರೂವರೆ ಕಿ.ಮೀ. ವೇಗದಲ್ಲಿ ತಾನಾಗಿ ಸಾಗುತ್ತದೆ. ಕುರಿ ಹಿಂಡಿನ ಹಿಂದೆ ಕಾಲನ್ನು ಕ್ಲಚ್ಚಿನಿಂದ ಪೂರ್ತಿ ತೆಗೆದು ಕೂಡಬಹುದು. ಅದೇ ಮೊದಲ ಗೇರು 2.5, ಹೌಸಿಂಗ್ 3.1 ಆದರೆ ಐಡಲ್ ವೇಗವೇ 12 ಕಿ.ಮೀ. ದಾಟುತ್ತದೆ. ಆಗ ಪ್ರತಿ ಹಿಂಡಿಗೂ, ಪ್ರತಿ ಸಂತೆಗೂ ಅರ್ಧ ಕ್ಲಚ್ಚು. ಪ್ಲೇಟು ಸುಟ್ಟು ವಾಸನೆ ಬರಲು ಹೆಚ್ಚು ದಿನ ಬೇಡ. ಅಮೆರಿಕದ ದೊಡ್ಡ ವಿ8 ಗಾಡಿಗಳಿಗೆ ಇಂಥ ಉದ್ದ ಗೇರು ನಡೆಯುತ್ತದೆ. ಅವುಗಳ ಎಂಜಿನ್ನಿಗೆ ಕೆಳ ಸುತ್ತಿನಲ್ಲೇ ಬೇಕಾದಷ್ಟು ಎಳೆತವಿದೆ, ಬಹಳಷ್ಟಕ್ಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಟಾರ್ಕ್ ಕನ್ವರ್ಟರ್ ಇದೆ. ನಮ್ಮ ಎರಡು ಲೀಟರಿನ ಎಂಜಿನ್ನಿಗೆ ಅದೇ ಸಂಖ್ಯೆ ಇಟ್ಟರೆ ಗಾಡಿ ಸಾಯುತ್ತದೆ.

ಟೈರು ಬದಲಿಸುವವರಿಗೂ ಒಂದು ಮಾತು. 185/70 ಆರ್ 13 ತೆಗೆದು 195/65 ಆರ್ 15 ಹಾಕಿದರೆ ಗಾಲಿ ಶೇ 7ಕ್ಕಿಂತ ಸ್ವಲ್ಪ ಹೆಚ್ಚೇ ದೊಡ್ಡದಾಗುತ್ತದೆ. ಮೀಟರಿನ ಮುಳ್ಳು 93ರಲ್ಲಿದ್ದಾಗ ಗಾಡಿ ನಿಜವಾಗಿ 100ರಲ್ಲಿರುತ್ತದೆ. ಗೇರೂ ಅಷ್ಟೇ ಪ್ರಮಾಣದಲ್ಲಿ ಉದ್ದವಾಗಿ, ಏರಿನಲ್ಲಿ ಪಿಕಪ್ ಕುಗ್ಗುತ್ತದೆ.

ಉದ್ದಕ್ಕೆ ಕೂರುವ ಎಂಜಿನ್ನುಗಳು

ಹಿಂದಿನ ಗಾಲಿ ಎಳೆಯುವ ಗಾಡಿಗೆ ಎಂಜಿನ್ ಉದ್ದುದ್ದ ಕೂರಬೇಕು, ಹಿಂದೆ ಗೇರ್‌ಬಾಕ್ಸು, ಅದರ ಹಿಂದೆ ಶಾಫ್ಟು. ಇಂದು ಗುಜರಿಯಲ್ಲಿ ಅಗ್ಗವಾಗಿ, ರಾಶಿಗಟ್ಟಲೆ ಸಿಗುವ ಸ್ವಿಫ್ಟ್, ಐ20 ಮುಂತಾದವುಗಳ ಎಂಜಿನ್ನು ಅಡ್ಡಡ್ಡ ಕೂರುವಂಥದ್ದು. ಗೇರ್‌ಬಾಕ್ಸೇ ಮುಂದಿನ ಗಾಲಿಗಳಿಗೆ ಶಕ್ತಿ ಕೊಡುತ್ತದೆ. ಅದನ್ನು ತಿರುಗಿಸಿ ಕಾಂಟೆಸಾಗೆ ಕೂಡಿಸುವ ಮಾತನ್ನು ಯಾರು ಹೇಳಿದರೂ ನಂಬಬೇಡಿ. ಬೆಲ್ ಹೌಸಿಂಗಿನಿಂದ ಹಿಡಿದು ಗೇರ್ ರಾಡಿನವರೆಗೆ ಎಲ್ಲವನ್ನೂ ಲೇತಿನಲ್ಲಿ ಹುಟ್ಟಿಸಬೇಕಾಗುತ್ತದೆ.

ಉದ್ದಕ್ಕೆ ಕೂರುವ ಎಂಜಿನ್ನುಗಳು ನಮ್ಮ ಕಡೆಯ ರಸ್ತೆಯ ಮೇಲೆಯೇ ಇವೆ. ಕ್ವಾಲಿಸ್‌ನ 2,446 ಸಿಸಿ ಡೀಸೆಲ್ 75 ಅಶ್ವಶಕ್ತಿಯದು. ಅದರಲ್ಲಿ ಕಂಪ್ಯೂಟರ್ ಇಲ್ಲ, ವೈರಿಂಗ್ ನಾಲ್ಕೈದು ತಂತಿಯ ಕೆಲಸ, ಸರಿಯಾಗಿ ನೋಡಿಕೊಂಡರೆ ಸಾವಿಲ್ಲ. ಮೊದಲ ಇನ್ನೋವಾದ 2,494 ಸಿಸಿ ಎಂಜಿನ್ 102 ಅಶ್ವಶಕ್ತಿ, 200 ನ್ಯೂಟನ್-ಮೀಟರ್ ಎಳೆತ ಕೊಡುತ್ತದೆ. ಎಳೆತ ಕೆಳ ಸುತ್ತಿನಲ್ಲೇ ಸಿಗುವುದರಿಂದ ದೊಡ್ಡ ಮೈಗೆ ಒಗ್ಗುತ್ತದೆ. ಸ್ಕಾರ್ಪಿಯೊದ ಎಂಹಾಕ್ 2,179 ಸಿಸಿ, 120 ಅಶ್ವಶಕ್ತಿ, 290 ನ್ಯೂಟನ್-ಮೀಟರ್. ಟವೇರಾದ 2.5 ಲೀಟರ್ ಡೀಸೆಲ್ ಇಸುಜು ಮೂಲದ್ದೇ ಆದರೂ ಅದನ್ನು ಮಾರುತ್ತಿದ್ದ ಜನರಲ್ ಮೋಟರ್ಸ್ 2017ರಲ್ಲಿ ನಮ್ಮ ಮಾರುಕಟ್ಟೆ ಬಿಟ್ಟಿದೆ. ಇನ್ನು ಹತ್ತು ವರ್ಷ ಓಡಿಸುವ ಯೋಚನೆ ಇದ್ದರೆ ಬಿಡಿಭಾಗದ ಚಿಂತೆ ಮಾಡಿ. ಬೊಲೆರೊದ 2,523 ಸಿಸಿ ಎಂಜಿನ್ ಪ್ರತಿ ಊರಿನ ಮಿಸ್ತ್ರಿಯ ಕೈಯಲ್ಲಿ ಪಳಗಿದೆ, ಆದರೆ ಭಾರ ಮತ್ತು ನಡುಕ ಎರಡೂ ಹೆಚ್ಚು. ಜೀಪಿಗೆ ಸರಿ, ಕಾರಿಗೆ ನಾನು ಹೇಳುವುದಿಲ್ಲ. ಪೆಟ್ರೋಲೇ ಬೇಕೆನ್ನುವವರಿಗೆ ಜಿಪ್ಸಿಯ 1,298 ಸಿಸಿ ಹಗುರವಾಗಿ ಸಿಗುತ್ತದೆ, ಆದರೆ ಕಾಂಟೆಸಾದ ಮೈ ಎಳೆಯಲು ಅದು ಸಾಲದು.

ಟೊಯೋಟಾ 2ಜೆಝಡ್‌ನ ಹೆಸರು ಹೇಳದಿದ್ದರೆ ಹುಡುಗರಿಗೆ ಬೇಸರವಾದೀತು. ಮೂರು ಲೀಟರಿನ, ಸಾಲಾಗಿ ಆರು ಸಿಲಿಂಡರಿನ ಆ ಎಂಜಿನ್ ಅದ್ಭುತವಾದದ್ದೇ. ಆದರೆ ಅದರ ಒಂದು ಸೆನ್ಸರ್ ಕೆಟ್ಟರೆ ಸುರಪುರದಲ್ಲಿ ಮಾತ್ರವಲ್ಲ, ಕಲಬುರಗಿಯಲ್ಲೂ ಸಿಗುವುದಿಲ್ಲ. ನಾನು ಎಂಜಿನ್ ಆರಿಸಲು ಇಟ್ಟುಕೊಂಡ ನಿಯಮ ಸರಳ: ವಾಟರ್ ಪಂಪು, ಕ್ಲಚ್ ಪ್ಲೇಟು, ಡೀಸೆಲ್ ಫಿಲ್ಟರು ಈ ಮೂರೂ ಶಹಾಪುರದ ಅಂಗಡಿಯಲ್ಲಿ ಅದೇ ದಿನ ಸಿಗಬೇಕು. ಉಳಿದದ್ದಕ್ಕೆ ಹೈದರಾಬಾದಿಗೋ ಬೆಂಗಳೂರಿನ ಜೆ.ಸಿ. ರಸ್ತೆಗೋ ಹೋಗಿಬರಬಹುದು.

ಎಂಜಿನ್ ಯಾವುದೇ ಇರಲಿ, ಅದೇ ಗಾಡಿಯ ಗೇರ್‌ಬಾಕ್ಸನ್ನೂ ಜೋಡಿಯಾಗಿ ತೆಗೆದುಕೊಳ್ಳಿ. ಈ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ. ಒಂದು ಕಂಪನಿಯ ಎಂಜಿನ್ನಿಗೆ ಇನ್ನೊಂದರ ಬಾಕ್ಸು ಕೂಡಿಸಲು ನಡುವೆ ಅಡಾಪ್ಟರ್ ಪ್ಲೇಟು ಕೊರೆಸುತ್ತಾರೆ. ಆ ಪ್ಲೇಟಿನಲ್ಲಿ ಕೂದಲೆಳೆಯಷ್ಟು ವಾರೆಯಾದರೂ ಇನ್‌ಪುಟ್ ಶಾಫ್ಟು ಫ್ಲೈವೀಲಿನ ನಡುಬಿಂದುವಿಗೆ ನೇರವಾಗಿ ಬರುವುದಿಲ್ಲ. ಪೈಲಟ್ ಬೇರಿಂಗ್ ಮೊದಲು ಹೋಗುತ್ತದೆ, ಆಮೇಲೆ ಕ್ಲಚ್ಚು, ಕೊನೆಗೆ ಬಾಕ್ಸಿನ ಮುಂದಿನ ಬೇರಿಂಗು. ಜೋಡಿಯಾಗಿ ತಂದರೆ ಕ್ಲಚ್ಚು, ಸ್ಟಾರ್ಟರು, ಸ್ಪ್ಲೈನು ಯಾವುದಕ್ಕೂ ತಲೆ ಕೆಡಿಸಿಕೊಳ್ಳಬೇಕಿಲ್ಲ. ಉಳಿಯುವುದು ಮೌಂಟಿಂಗು, ಕ್ರಾಸ್ ಮೆಂಬರು ಮತ್ತು ಶಾಫ್ಟಿನ ಉದ್ದ ಮಾತ್ರ. ಇನ್ನೋವಾ, ಸ್ಕಾರ್ಪಿಯೊದಂಥ ಎಂಜಿನ್ ತರುವವರು ಎಂಜಿನ್ನಿನ ಕಂಪ್ಯೂಟರು (ಇಸಿಯು), ಪೂರ್ತಿ ವೈರಿಂಗು, ಎಕ್ಸಿಲರೇಟರ್ ಪೆಡಲು, ಕೀಲಿಕೈ ಸಮೇತ ತನ್ನಿ. ಕೀಲಿಕೈ ಬಿಟ್ಟು ಬಂದರೆ ಇಮೊಬಿಲೈಸರ್ ಎಂಜಿನ್ನನ್ನು ಚಾಲೂ ಆಗಲು ಬಿಡುವುದಿಲ್ಲ.

ಆಟೊಮ್ಯಾಟಿಕ್ ಬೇಕೇ? ಅಮೆರಿಕದಲ್ಲಿ ಮಸಲ್ ಕಾರು ಕಟ್ಟುವವರ ನಡುವೆ ಇದು ಹಳೆಯ ವಾದ. ಜನರಲ್ ಮೋಟರ್ಸ್‌ನ ಟರ್ಬೊ 400 ಬಾಕ್ಸಿಗೆ ಮೂರೇ ಗೇರು, ಆದರೆ ಎಷ್ಟು ಹೊಡೆತ ಬಿದ್ದರೂ ತಡೆಯುತ್ತದೆ. ಅದೇ ಕಂಪನಿಯ 700ಆರ್4ಗೆ 0.70ರ ನಾಲ್ಕನೇ ಗೇರಿದೆ, ದೂರದ ಪಯಣಕ್ಕೆ ಹಿತ. ಆದರೆ ಅದರ ಥ್ರಾಟಲ್ ಕೇಬಲ್ ಸರಿಯಾಗಿ ಹೊಂದಿಸದಿದ್ದರೆ ಒಳಗಿನ ಕ್ಲಚ್ಚುಗಳು ಸುಟ್ಟುಹೋಗುತ್ತವೆ. ಮ್ಯಾನುಯಲ್ ಇಷ್ಟಪಡುವವರು ಟ್ರೆಮೆಕ್ ಕಂಪನಿಯ ಐದು, ಆರು ಗೇರಿನ ಬಾಕ್ಸುಗಳ ಕಡೆ ಹೋಗುತ್ತಾರೆ. ಟಾರ್ಕ್ ಕನ್ವರ್ಟರ್ ಎಷ್ಟು ಸುತ್ತಿನ ಮೇಲೆ ಗಟ್ಟಿಯಾಗಿ ಹಿಡಿಯಬೇಕು ಎಂಬ ಒಂದೇ ಆಯ್ಕೆಯ ಮೇಲೆ ಆಟೊಮ್ಯಾಟಿಕ್ ಗಾಡಿಯ ಗುಣ ಬದಲಾಗುತ್ತದೆ: ಮೇಲಿನ ಸುತ್ತಿಗೆ ಇಟ್ಟರೆ ಪಂದ್ಯದಲ್ಲಿ ಜಿಗಿತ, ಊರಿನೊಳಗೆ ಕನ್ವರ್ಟರ್ ಜಾರಿ ಜಾರಿ ಎಣ್ಣೆ ಕಾಯುತ್ತದೆ. ಆಟೊಮ್ಯಾಟಿಕ್ ಬಾಕ್ಸಿನ ಶತ್ರು ಬಿಸಿ. ನಮ್ಮ ಮೇ ತಿಂಗಳಲ್ಲಿ, ದೊಡ್ಡ ಆಯಿಲ್ ಕೂಲರ್ ಇಲ್ಲದೆ, ಬಿಚ್ಚಿ ಕೂಡಿಸಬಲ್ಲ ಕೈ ಹತ್ತಿರದಲ್ಲಿಲ್ಲದೆ ಅದನ್ನು ಇಟ್ಟುಕೊಳ್ಳಬೇಡಿ. ಐದು ಗೇರಿನ ಮ್ಯಾನುಯಲ್ಲೇ ಇಲ್ಲಿಗೆ ಸರಿ.

ಹಿಂದಿನ ಹೌಸಿಂಗ್ ತಡೆಯುತ್ತದೆಯೇ?

140 ನ್ಯೂಟನ್-ಮೀಟರಿನ ಎಂಜಿನ್ ಮೊದಲ ಗೇರಿನಲ್ಲಿ, ಮೇಲಿನ 14.8ರ ಲೆಕ್ಕದಂತೆ, ಹಿಂದಿನ ಆಕ್ಸಲ್ಲಿಗೆ 2,000 ನ್ಯೂಟನ್-ಮೀಟರಿಗಿಂತ ಸ್ವಲ್ಪ ಹೆಚ್ಚು ತಿರುಚುಬಲ ಕೊಡುತ್ತದೆ. 290ರ ಎಂಜಿನ್ ಕೊಡುವುದು 4,300ರಷ್ಟು. ಎಂಜಿನ್ ಹೊಸದು, ಗೇರ್‌ಬಾಕ್ಸು ಅದರದ್ದೇ, ಆದರೆ ಹಿಂದಿನ ಆಕ್ಸಲ್ ಮೂವತ್ತು ವರ್ಷ ಹಳೆಯದು. ಮೊದಲು ಕ್ರಾಸ್ ಜಾಯಿಂಟ್, ನಂತರ ಪಿನಿಯನ್, ಕೊನೆಗೆ ಆಕ್ಸಲ್ ಮುರಿಯುತ್ತವೆ. ಅದಕ್ಕೇ ನಾನು 200 ನ್ಯೂಟನ್-ಮೀಟರಿನ ಹತ್ತಿರವೇ ನಿಲ್ಲಿ ಎನ್ನುತ್ತೇನೆ. ಅದಕ್ಕೂ ಮೇಲೆ ಹೋಗುವವರು ಹಿಂದಿನ ಹೌಸಿಂಗು, ಬ್ರೇಕು ಎರಡಕ್ಕೂ ಎಂಜಿನ್ನಿನಷ್ಟೇ ಹಣ ಎತ್ತಿಡಬೇಕು.

ಶಾಫ್ಟನ್ನು ಕತ್ತರಿಸಿ ಬೆಸುಗೆ ಹಾಕಿಸಿದ ಮೇಲೆ ಬ್ಯಾಲೆನ್ಸ್ ಮಾಡಿಸುವುದು ಬಿಟ್ಟರೆ 70ರ ಮೇಲೆ ಇಡೀ ಗಾಡಿ ನಡುಗುತ್ತದೆ. ಗೇರ್‌ಬಾಕ್ಸಿನ ಹಿಂತುದಿಯ ಕೋನ, ಪಿನಿಯನ್ನಿನ ಕೋನ ಎರಡೂ ಒಂದಕ್ಕೊಂದು ಸಮವಾಗಿರಬೇಕು. ಎಂಜಿನ್ ಬಾನೆಟ್ಟಿಗೆ ತಾಗುತ್ತದೆಂದು ಮುಂದೆ ತಗ್ಗಿಸಿ ಕೂಡಿಸಿದಾಗ ಈ ಕೋನ ಕೆಟ್ಟು ಕ್ರಾಸುಗಳು ಪದೇ ಪದೇ ಹೋಗುತ್ತವೆ. ಜನ ಕ್ರಾಸಿನ ಕಂಪನಿಯನ್ನು ಬೈಯುತ್ತಾರೆ.

ರೇಡಿಯೇಟರನ್ನು ಎಂಜಿನ್ ಬಂದ ಗಾಡಿಯದ್ದೇ ಅಳತೆಯಲ್ಲಿ, ಆದರೆ ಒಂದು ಸಾಲು ಹೆಚ್ಚು ಇಟ್ಟು ಮಾಡಿಸಿ. ಅದರೊಳಗೆ ಬೋರ್ ನೀರು ಬೇಡ. ಗಡಸು ನೀರಿನ ಸುಣ್ಣ ಪೈಪುಗಳ ಒಳಗೆ ಪದರ ಕಟ್ಟುತ್ತದೆ. ಶುದ್ಧೀಕರಿಸಿದ ನೀರಿಗೆ ಕೂಲಂಟ್ ಬೆರೆಸಿ. ಇನ್ನು ಬಾನೆಟ್ಟಿನೊಳಗೆ ತೆರೆದ ಕೋನ್ ಫಿಲ್ಟರ್ ಇಡುವ ಫ್ಯಾಷನ್ನು. ಎರೆಹೊಲದ ಧೂಳು ನುಣುಪಾದದ್ದು, ಬಾನೆಟ್ಟಿನ ಒಳಗಿನ ಗಾಳಿ ಕಾದದ್ದು. ಸದ್ದು ಚೆನ್ನಾಗಿ ಬರುತ್ತದೆ, ಎಂಜಿನ್ನಿನ ಬೋರು ಸವೆಯುತ್ತದೆ. ಕಂಪನಿಯ ಮುಚ್ಚಿದ ಫಿಲ್ಟರ್ ಡಬ್ಬಿಯನ್ನೇ ಉಳಿಸಿಕೊಂಡು ಹೊರಗಿನ ತಂಪು ಗಾಳಿ ಸಿಗುವ ಕಡೆ ಅದರ ಬಾಯಿ ಇಡಿ.

ಕಾಗದ ಪತ್ರ

ಹಣ ಕೊಡುವ ಮೊದಲೇ ಓದಬೇಕಾದ ಭಾಗ ಇದು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಸೆಕ್ಷನ್ ಅಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ ಆಗಬಹುದು. ಅಪಘಾತವಾದಾಗ ವಿಮೆ ಕಂಪನಿ ಪರಿಹಾರ ನಿರಾಕರಿಸಲು ಹೇಳದೆ ಮಾಡಿದ ಎಂಜಿನ್ ಬದಲಾವಣೆಯೊಂದೇ ಸಾಕು.

ಆದ್ದರಿಂದ ರಸ್ತೆಯ ಮೇಲೆ ಓಡಿಸುವ ಗಾಡಿಗೆ ನೇರವಾದ ದಾರಿ, ಅದೇ ಕಂಪನಿಯ ಅದೇ ಮಾದರಿಯ ಎಂಜಿನ್. 1.8 ಇಸುಜು ಇದ್ದ ಕಾಂಟೆಸಾಗೆ ಇನ್ನೊಂದು 1.8 ಇಸುಜು. ಅದಕ್ಕೂ ಯಾದಗಿರಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ಮೊದಲು ಒಪ್ಪಿಗೆ ಪಡೆಯಬೇಕು. ಬದಲಿಸಿದ 14 ದಿನದೊಳಗೆ ತಿಳಿಸಿ, ಹೊಸ ಎಂಜಿನ್ ನಂಬರನ್ನು ಆರ್‌ಸಿಯಲ್ಲಿ ಏರಿಸಬೇಕು. ಎಂಜಿನ್ ಕೊಂಡ ರಸೀದಿ ಇಲ್ಲದಿದ್ದರೆ ಕಳವಿನ ಮಾಲಿನ ಗುಮಾನಿ ನಿಮ್ಮ ಮೇಲೆ ಬರುತ್ತದೆ. ಬೇರೆ ಕಂಪನಿಯ ಎಂಜಿನ್ ಮನಸ್ಸಿನಲ್ಲಿದ್ದರೆ ಕಚೇರಿಯಿಂದ ಲಿಖಿತ ಅನುಮತಿ ಸಿಗುವವರೆಗೆ ಒಂದು ಬೋಲ್ಟನ್ನೂ ಬಿಚ್ಚಬೇಡಿ. ಅನುಮತಿ ಸಿಗದಿದ್ದರೆ ಅಂಥ ಗಾಡಿಯ ಜಾಗ ಖಾಸಗಿ ಅಂಗಳ, ಪಂದ್ಯದ ಟ್ರ್ಯಾಕು ಅಷ್ಟೇ. ಕೊಳ್ಳುವಾಗ ಆರ್‌ಸಿಯ ಅವಧಿಯನ್ನೂ ನೋಡಿ: ಕೊನೆಯ ಕಾಂಟೆಸಾಗೂ ಹದಿನೈದು ವರ್ಷ 2017ಕ್ಕೇ ಮುಗಿದಿದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ ಆಗಿರಲೇಬೇಕು.

ಮೂಲ ಎಂಜಿನ್ ಉಳಿಸಿಕೊಳ್ಳಲು ಇನ್ನೊಂದು ಕಾರಣವಿದೆ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿಸ್, ಮೈ, ಎಂಜಿನ್ ದೊಡ್ಡ ಬದಲಾವಣೆ ಇಲ್ಲದೆ ಉಳಿದ ಗಾಡಿಗಳಿಗೆ ವಿಶೇಷ ನೋಂದಣಿ ಕೊಡುತ್ತದೆ. 1984ರ ಕಾಂಟೆಸಾಗೆ 2034ರಲ್ಲಿ ಆ ಅರ್ಹತೆ ಬರುತ್ತದೆ. ಇಸುಜು ಎಂಜಿನ್ನನ್ನು ಬೋರ್ ಮಾಡಿಸಿ, ಹೆಡ್ ಸರಿಪಡಿಸಿ, ಐದು ಗೇರಿನ ಬಾಕ್ಸನ್ನು ಹೊಸ ಸಿಂಕ್ರೊನೈಸರು, ಬೇರಿಂಗು ಹಾಕಿ ಕಟ್ಟಿಸಿದರೆ ಗಾಡಿ 90ರಲ್ಲಿ ನೆಮ್ಮದಿಯಾಗಿ ಓಡುತ್ತದೆ. ದೇವಾಪುರದಲ್ಲಿ ಕಾಂಟೆಸಾ ಏಳಿಸಲು ಹೊರಟ ಹತ್ತರಲ್ಲಿ ಎಂಟು ಮಂದಿಗೆ ನಾನು ಹೇಳುವುದು ಇದನ್ನೇ. ಒಂದು ಎಚ್ಚರಿಕೆ: ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆತಿರುತ್ತದೆ. ಹಳೆಯ ರಬ್ಬರ್ ಪೈಪು, ಕಾರ್ಬುರೇಟರಿನ ವಾಷರು ಅದನ್ನು ತಡೆಯವು. ಎಂಜಿನ್ ಬಿಚ್ಚಿದಾಗಲೇ ಅವನ್ನೆಲ್ಲ ಎಥೆನಾಲ್ ತಡೆಯುವಂಥವಕ್ಕೆ ಬದಲಿಸಿ, ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಬಸಿದಿಡಿ.

ಎಂಜಿನ್, ಗೇರ್‌ಬಾಕ್ಸು ಕೊಳ್ಳಲು ಹೋದಾಗ ನೆಲದ ಮೇಲೆ ಬಿಚ್ಚಿಟ್ಟದ್ದನ್ನು ಕೊಳ್ಳಬೇಡಿ, ಗಾಡಿಯಲ್ಲಿ ಇರುವಾಗಲೇ ನೋಡಿ. ನೀವು ಹೋಗುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಅನುಮಾನಿಸಿ. ತಣ್ಣಗಿರುವಾಗ ಚಾಲೂ ಮಾಡಿಸಿ. ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ಡಿನೊಳಗೆ ನೀರು ಸೇರುತ್ತಿರಬಹುದು. ಆಯಿಲ್ ಮುಚ್ಚಳ ತೆಗೆದಾಗ ಗಾಳಿ ಭುಸುಗುಟ್ಟಿದರೆ ರಿಂಗು ಸವೆದಿವೆ. ನಾಲ್ಕೂ ಸಿಲಿಂಡರಿನ ಕಂಪ್ರೆಷನ್ ಅಳೆಸಿ. ಒಂದಕ್ಕೂ ಇನ್ನೊಂದಕ್ಕೂ ಹತ್ತನೇ ಒಂದು ಪಾಲಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ಗೇರ್‌ಬಾಕ್ಸಿಗೆ, ಓಡಿಸುತ್ತಾ ಪ್ರತಿ ಗೇರಿನಲ್ಲೂ ಎಕ್ಸಿಲರೇಟರ್ ಒತ್ತಿ ಫಕ್ಕನೆ ಬಿಡಿ. ಗೇರು ತಾನಾಗಿ ಹೊರಗೆ ಜಿಗಿದರೆ ಆ ಬಾಕ್ಸು ಬೇಡ. ಕೊನೆಗೆ ಡ್ರೈನ್ ಬೋಲ್ಟು ಬಿಚ್ಚಿಸಿ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಹಾಕಿಸಿ ನೋಡಿ. ಹಿತ್ತಾಳೆಯ ನುಣ್ಣನೆ ಪುಡಿ ಸ್ವಲ್ಪ ಕಂಡರೆ ಸಿಂಕ್ರೊನೈಸರು ಸವೆದಿದೆ ಎಂದರ್ಥ, ಅದರ ಖರ್ಚನ್ನು ಬೆಲೆಯಲ್ಲಿ ಕಳೆದು ಮಾತಾಡಿ. ಉಕ್ಕಿನ ಚೂರು ಕೈಗೆ ಸಿಕ್ಕರೆ ಹಲ್ಲು ಮುರಿದಿದೆ, ವಾಪಸ್ ಬನ್ನಿ.